ಹುಡುಗಿಯರಿಗೆ ಧೈರ್ಯ ಹೇಳುವ ಜಾಹೀರಾತುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಬೇರೆ ಭಾಷೆಯಲ್ಲಿ ತಯಾರಾದ ಜಾಹೀರಾತುಗಳಿಗೆ ಕನ್ನಡದ ಮಾತು ಕೂಡಿಸುವುದು ನನ್ನ ಕಸುಬು. ಸೋಪು, ಬಿಸ್ಕತ್ತು, ಪ್ಯಾಡು, ಸ್ಕೂಟರು, ಒಡವೆ, ಯಾವುದನ್ನೂ ಬಿಟ್ಟಿಲ್ಲ. ಬಿಡುವಾದಾಗ ಪ್ರೌಢಶಾಲೆಗಳಿಗೆ ಹೋಗಿ, ಜಾಹೀರಾತನ್ನು ಹೇಗೆ ನೋಡಬೇಕು ಎಂದು ಮಕ್ಕಳೊಡನೆ ಹರಟುತ್ತೇನೆ. ಅಲ್ಲಿ ಮಕ್ಕಳು, ಶಿಕ್ಷಕಿಯರು, ಪೋಷಕರು ಕೇಳಿದ್ದು, ಪತ್ರದಲ್ಲಿ ಬಂದದ್ದು, ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆಯವರು ಕೇಳಿದ್ದು ಎಲ್ಲವನ್ನೂ ಇಲ್ಲಿ ಸೇರಿಸಿದ್ದೇನೆ. ಪ್ರಶ್ನೆಗಳು ಆದಷ್ಟೂ ಕೇಳಿದವರ ಮಾತಿನಲ್ಲೇ ಇವೆ.

## ಮೊದಲಿಗೆ

ಇಂಥ ಜಾಹೀರಾತು ಎಂದರೆ ಯಾವುದು? ಹೆಂಗಸಿನ ಕೈಗೆ ಲ್ಯಾಪ್‌ಟಾಪ್ ಕೊಟ್ಟರೆ ಸಾಕೇ?

ಸಾಲದು. 2014ರಲ್ಲಿ ಏರ್‌ಟೆಲ್ ಒಂದು ಜಾಹೀರಾತು ಮಾಡಿತ್ತು. ಕಚೇರಿಯಲ್ಲಿ ಹೆಂಗಸು ಮೇಲಧಿಕಾರಿ, ಕೈಕೆಳಗಿನವನಿಗೆ ಕೆಲಸ ಹೇರುತ್ತಾಳೆ. ಆಮೇಲೆ ಗೊತ್ತಾಗುತ್ತದೆ, ಅವನು ಅವಳ ಗಂಡ. ಅವನಿನ್ನೂ ಕಚೇರಿಯಲ್ಲಿ ದುಡಿಯುತ್ತಿರುವಾಗ ಇವಳು ಮನೆಗೆ ಬಂದು ಅಡುಗೆ ಮಾಡಿ, ಮಾಡಿದ್ದನ್ನು ಫೋನಿನಲ್ಲಿ ತೋರಿಸಿ, ಬೇಗ ಬಾ ಎಂದು ಕರೆಯುತ್ತಾಳೆ. ಕಚೇರಿಯ ಕುರ್ಚಿ ಬದಲಾಯಿತು, ಒಲೆಯ ಮುಂದೆ ನಿಲ್ಲುವವರು ಬದಲಾಗಲಿಲ್ಲ. ಆಗ ಅದರ ಮೇಲೆ ದೊಡ್ಡ ವಾಗ್ವಾದವೇ ನಡೆಯಿತು.

ಇನ್ನೊಂದು ಕಡೆ ಕ್ಯಾಡ್‌ಬರಿಯ ಕ್ರಿಕೆಟ್ ಜಾಹೀರಾತು. 1990ರ ದಶಕದಲ್ಲಿ ಬಂದದ್ದರಲ್ಲಿ ಹುಡುಗ ಸಿಕ್ಸರ್ ಹೊಡೆಯುತ್ತಾನೆ, ಅವನ ಗೆಳತಿ ಕಾವಲುಗಾರನಿಂದ ನುಣುಚಿಕೊಂಡು ಮೈದಾನಕ್ಕೆ ನುಗ್ಗಿ ಕುಣಿಯುತ್ತಾಳೆ. 2021ರಲ್ಲಿ ಅದನ್ನೇ ತಿರುಗಿಸಿ ತೆಗೆದರು: ಬ್ಯಾಟು ಹುಡುಗಿಯ ಕೈಯಲ್ಲಿ, ಕುಣಿಯುತ್ತಾ ಓಡಿ ಬರುವವನು ಹುಡುಗ. ಉಪದೇಶದ ಒಂದು ಅಕ್ಷರವೂ ಅದರಲ್ಲಿಲ್ಲ.

ನನ್ನ ಅಳತೆಗೋಲು ಇಷ್ಟೇ: ಜಾಹೀರಾತು ಮುಗಿಯುವುದರೊಳಗೆ ಹುಡುಗಿಯ ಸುತ್ತ ಇರುವವರಲ್ಲಿ ಯಾರಾದರೂ ತಮ್ಮ ಜಾಗದಿಂದ ಕದಲಿದರೇ? ಮುಂದಿನ ಉತ್ತರಗಳಲ್ಲಿ ಈ ಗೋಲನ್ನೇ ಮತ್ತೆ ಮತ್ತೆ ಹಿಡಿಯುತ್ತೇನೆ.

ಇದೆಲ್ಲ ಈಚಿನ ಫ್ಯಾಷನ್ ಅಲ್ಲವೇ? ನಮ್ಮ ಕಾಲದಲ್ಲಿ ಇರಲಿಲ್ಲವಲ್ಲ?

ನಿಮ್ಮ ಅಜ್ಜಿಯ ಕಾಲದಲ್ಲೂ ಇತ್ತು. 1929ರ ಈಸ್ಟರ್ ಭಾನುವಾರ ನ್ಯೂಯಾರ್ಕಿನ ಮೆರವಣಿಗೆಯಲ್ಲಿ ಕೆಲವು ಯುವತಿಯರು ಎಲ್ಲರ ಎದುರೇ ಸಿಗರೇಟು ಹಚ್ಚಿದರು. ಪತ್ರಿಕೆಗಳಿಗೆ ಅವುಗಳನ್ನು ‘ಸ್ವಾತಂತ್ರ್ಯದ ಪಂಜುಗಳು’ ಎಂದು ಪರಿಚಯಿಸಲಾಯಿತು. ಹೆಣ್ಣುಮಕ್ಕಳು ಬೀದಿಯಲ್ಲಿ ಸೇದಬಾರದೆಂಬ ಕಟ್ಟುಪಾಡು ಮುರಿದದ್ದು ನಿಜ. ಆದರೆ ಏರ್ಪಾಡೆಲ್ಲ ಎಡ್ವರ್ಡ್ ಬರ್ನೇಸ್ ಎಂಬ ಪ್ರಚಾರ ಪಂಡಿತನದು, ಹಣ ಅಮೆರಿಕನ್ ಟೊಬ್ಯಾಕೊ ಕಂಪನಿಯದು. ಹೆಣ್ಣಿನ ಸ್ವಾತಂತ್ರ್ಯಕ್ಕೂ ಮಾರಾಟಕ್ಕೂ ನಂಟಸ್ತನ ಕುದುರಿದ್ದು ಹೀಗೆ, ಹೊಗೆಯ ನಡುವೆ. 1968ರಲ್ಲಿ ಹೆಂಗಸರಿಗೆಂದೇ ಬಂದ ವರ್ಜೀನಿಯಾ ಸ್ಲಿಮ್ಸ್ ಸಿಗರೇಟು, ‘ನೀನು ಬಹಳ ದೂರ ಬಂದಿದ್ದೀಯೆ’ ಎಂದು ಬೆನ್ನು ತಟ್ಟಿತು.

ನಮ್ಮಲ್ಲಿ 1980ರ ದಶಕದ ಸರ್ಫ್ ಜಾಹೀರಾತಿನ ಲಲಿತಾಜಿಯನ್ನು ನೆನೆಯಬೇಕು. ಅಗ್ಗದ ನಿರ್ಮಾದ ಎದುರು ದುಬಾರಿ ಪುಡಿ ಮಾರಲು ಹುಟ್ಟಿದ ಪಾತ್ರ ಅದು. ಚೌಕಾಸಿ ಮಾಡುವ, ಎದುರಿನವನ ಕಣ್ಣಲ್ಲಿ ಕಣ್ಣಿಟ್ಟು ಲೆಕ್ಕ ಒಪ್ಪಿಸುವ ಗೃಹಿಣಿ. ಬಟ್ಟೆ ಒಗೆಯುವುದು ಅವಳ ಪಾಲಿಗೇ ಉಳಿಯಿತು, ಆದರೆ ಮೂದಲಿಕೆಗೆ ಬಗ್ಗದ ಹೆಂಗಸನ್ನು ನಮ್ಮ ದೂರದರ್ಶನ ಕಂಡದ್ದು ಅಲ್ಲಿ.

ಹುಡುಗಿಯರನ್ನೇ ಗುರಿಯಾಗಿಸಿದ ಈಗಿನ ಬಗೆಗೆ ಒಂದು ಹಳೆಯ ಮಾದರಿ 1995ರ ನೈಕಿ ಜಾಹೀರಾತು. ನಮ್ಮನ್ನು ಆಡಲು ಬಿಟ್ಟರೆ ಏನೇನು ಒಳಿತಾಗುತ್ತದೆ ಎಂದು ಪುಟ್ಟ ಹುಡುಗಿಯರು ಕ್ಯಾಮೆರಾ ನೋಡಿ ಹೇಳುತ್ತಾರೆ. 2004ರಲ್ಲಿ ಡವ್ ಸೋಪು ‘ನಿಜವಾದ ಚೆಲುವು’ ಎಂಬ ಪ್ರಚಾರ ಶುರುಮಾಡಿತು. 2014ರ ಹೊತ್ತಿಗೆ ಈ ಬಗೆಗೆ ‘ಫೆಮ್‌ವರ್ಟೈಸಿಂಗ್’ ಎಂಬ ಹೆಸರೂ ಬಿತ್ತು. ಉಚ್ಚರಿಸಲು ಕಷ್ಟ, ನಾನು ಬಳಸುವುದಿಲ್ಲ.

‘ಲೈಕ್ ಎ ಗರ್ಲ್’ ಅಂತ ಎಲ್ಲರೂ ಹೇಳುತ್ತಾರೆ. ಅದರಲ್ಲಿ ಅಂಥದ್ದೇನಿದೆ?

ನೋಡಿರದಿದ್ದರೆ ಒಮ್ಮೆ ನೋಡಿ, ಮೂರು ನಿಮಿಷದ ಕೆಲಸ. 2014ರ ಜೂನ್‌ನಲ್ಲಿ ‘ಆಲ್ವೇಸ್’ ಪ್ಯಾಡ್‌ಗಾಗಿ (ನಮ್ಮಲ್ಲಿ ಅದೇ ಕಂಪನಿಯ ಪ್ಯಾಡ್ ‘ವಿಸ್ಪರ್’) ಸಾಕ್ಷ್ಯಚಿತ್ರ ನಿರ್ದೇಶಕಿ ಲಾರೆನ್ ಗ್ರೀನ್‌ಫೀಲ್ಡ್ ಮಾಡಿದ್ದು. ಖಾಲಿ ವೇದಿಕೆ. ಒಬ್ಬೊಬ್ಬರನ್ನೇ ಕರೆದು, ‘ಹುಡುಗಿಯ ಹಾಗೆ ಓಡಿ ತೋರಿಸಿ’ ಎನ್ನುತ್ತಾರೆ. ದೊಡ್ಡ ಹುಡುಗಿಯರು, ಯುವಕರು, ಒಬ್ಬ ಚಿಕ್ಕ ಹುಡುಗ, ಎಲ್ಲರೂ ಕೈಕಾಲು ಅಲ್ಲಾಡಿಸಿ, ಕೂದಲು ಸರಿಮಾಡಿಕೊಳ್ಳುತ್ತಾ, ನಗೆಪಾಟಲಾಗಿ ಓಡುತ್ತಾರೆ. ಆಮೇಲೆ ಇನ್ನೂ ಮೈನೆರೆಯದ ಪುಟ್ಟ ಹುಡುಗಿಯರನ್ನು ಕರೆಯುತ್ತಾರೆ. ಅವರಿಗೂ ಅದೇ ಮಾತು. ಅವರು ಗಾಳಿ ಸೀಳಿಕೊಂಡು ಓಡುತ್ತಾರೆ. ‘ಹುಡುಗಿಯ ಹಾಗೆ ಓಡು ಅಂದರೆ ಏನರ್ಥ?’ ಎಂದು ಕೇಳಿದರೆ ಒಬ್ಬಳು ಕೊಡುವ ಉತ್ತರದ ಸಾರ: ಆದಷ್ಟು ಜೋರಾಗಿ ಓಡುವುದು.

ಅದರ ಜಾಣತನ ಇರುವುದು ಆ ಎರಡು ಗುಂಪುಗಳ ನಡುವಿನ ವಯಸ್ಸಿನಲ್ಲಿ. ಹತ್ತಕ್ಕೆ ಇದ್ದದ್ದು ಇಪ್ಪತ್ತಕ್ಕೆ ಇಲ್ಲ, ನಡುವೆ ಯಾರೋ ಕಿತ್ತುಕೊಂಡಿದ್ದಾರೆ. ಹುಡುಗಿಗೆ ‘ಧೈರ್ಯ ತಂದುಕೋ’ ಎಂದು ಅದು ಹೇಳುವುದಿಲ್ಲ. ನಾವು ನೀವು ದಿನವೂ ಆಡುವ ಒಂದು ಮಾತನ್ನು ಕಟಕಟೆಯಲ್ಲಿ ನಿಲ್ಲಿಸುತ್ತದೆ. 2015ರ ಫೆಬ್ರುವರಿಯಲ್ಲಿ ಅಮೆರಿಕನ್ ಫುಟ್‌ಬಾಲಿನ ಸೂಪರ್ ಬೌಲ್ ಪಂದ್ಯದ ನಡುವೆ, ಬಿಯರು ಮತ್ತು ಕಾರುಗಳ ಜಾಹೀರಾತುಗಳ ಮಧ್ಯೆ, ಇದರ ಒಂದು ನಿಮಿಷದ ರೂಪ ಬಂತು. ಅದೇ ವರ್ಷ ಟಿ.ವಿ. ಲೋಕದ ಎಮ್ಮಿ ಪ್ರಶಸ್ತಿಯೂ ಸಿಕ್ಕಿತು.

ಅದು ಇಂಗ್ಲಿಷಿನವರ ಬೈಗುಳ. ಕನ್ನಡದಲ್ಲಿ ನಾವು ಹಾಗೆಲ್ಲ ಹೇಳುತ್ತೇವೆಯೇ?

‘ಕೈಗೆ ಬಳೆ ತೊಟ್ಟುಕೊಂಡಿದ್ದೀಯಾ?’ ಎಂದು ಗಂಡಸಿಗೆ ಕೇಳುವುದನ್ನು ಕೇಳಿಲ್ಲವೇ? ವಿಧಾನಸಭೆಯ ಗಲಾಟೆಯಿಂದ ಗಲ್ಲಿ ಕ್ರಿಕೆಟ್‌ವರೆಗೂ ಓಡಾಡುವ ಮಾತು ಅದು. ಪ್ರತಿಭಟನೆ ಮಾಡುವವರು ಅಧಿಕಾರಿಗೆ ಬಳೆ, ಕುಂಕುಮ ಕೊಡುತ್ತಾರೆ. ಕೊಡುವ ಗುಂಪಿನಲ್ಲಿ ಹೆಂಗಸರೂ ಇರುತ್ತಾರೆ, ಅವರ ಕೈಯಲ್ಲೂ ಬಳೆ ಇರುತ್ತದೆ, ಯಾರಿಗೂ ಏನೂ ಅನ್ನಿಸುವುದಿಲ್ಲ. ‘ಹೆಣ್ಣಿನ ಬುದ್ಧಿ ಮೊಣಕಾಲ ಕೆಳಗೆ’ ಎಂಬ ಗಾದೆ ಇದೆ. ಮರ ಹತ್ತುವ, ಎದುರು ಮಾತಾಡುವ ಹುಡುಗಿಗೆ ‘ಗಂಡುಬೀರಿ’ ಎನ್ನುತ್ತೇವೆ. ಅಳುವ ಹುಡುಗನಿಗೆ ‘ಹೆಣ್ಣಿಗ’ ಎನ್ನುತ್ತೇವೆ. ಓಡುವುದಕ್ಕೆ ಮಾತ್ರ ಬೈಗುಳ ಇಲ್ಲ, ಬಹುಶಃ ಹೆಣ್ಣುಮಕ್ಕಳು ಓಡುತ್ತಾರೆಂಬ ಊಹೆಯೇ ಇರಲಿಲ್ಲ.

ಹಿಂದೆ ‘ಹೆಂಗಸರು ಬೇಡ’ ಎಂದೇ ಜಾಹೀರಾತು ಬರುತ್ತಿತ್ತಂತೆ. ನಿಜವೇ?

ನಿಜ, ಅದೂ ಬೆಂಗಳೂರಿನಲ್ಲೇ. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಸೂಚನಾ ಫಲಕದಲ್ಲಿ ಟಾಟಾ ಸಮೂಹದ ಟೆಲ್ಕೊ (ಈಗಿನ ಟಾಟಾ ಮೋಟರ್ಸ್) ಕಂಪನಿಯ ಉದ್ಯೋಗ ಪ್ರಕಟಣೆ ಇತ್ತು. ಮಹಿಳೆಯರು ಅರ್ಜಿ ಹಾಕಬೇಕಿಲ್ಲ ಎಂಬ ಸಾಲು ಅದರ ಕೊನೆಯಲ್ಲಿತ್ತು. ಓದಿದ ವಿದ್ಯಾರ್ಥಿನಿ ಸಿಟ್ಟಿಗೆದ್ದು ಜೆ.ಆರ್.ಡಿ. ಟಾಟಾ ಅವರಿಗೇ ಕಾರ್ಡು ಬರೆದರು. ಸಂದರ್ಶನಕ್ಕೆ ಕರೆ ಬಂತು, ಕೆಲಸವೂ ಸಿಕ್ಕಿತು. ಆಕೆ ಸುಧಾ ಮೂರ್ತಿ. ಈ ಕತೆ ಹೇಳಿದಾಗಲೆಲ್ಲ ಮಕ್ಕಳು ಆ ಕಾರ್ಡಿನ ಬಗ್ಗೆ ಕೇಳುತ್ತಾರೆ. ನನಗೆ ಆ ಸಾಲು ಬರೆದವನ ಬಗ್ಗೆ ಕುತೂಹಲ. ಅವನೂ ನನ್ನ ಹಾಗೆ ಸಂಬಳಕ್ಕೆ ಬರೆಯುವವನೇ ಇದ್ದಿರಬೇಕು, ಬರೆದಾಗ ತಪ್ಪೆನಿಸಿರಲಿಕ್ಕಿಲ್ಲ.

## ಮನೆ, ಮುಟ್ಟು, ಬಣ್ಣ

ಉಪ್ಪಿನಕಾಯಿ ಮುಟ್ಟುವುದಕ್ಕೆ ಪ್ರಶಸ್ತಿ ಕೊಟ್ಟರಂತೆ. ತಮಾಷೆಯೇ?

ಖಂಡಿತ ಅಲ್ಲ. ಮುಟ್ಟಾದವರು ಉಪ್ಪಿನಕಾಯಿ ಜಾಡಿ ಮುಟ್ಟಿದರೆ ಕೆಡುತ್ತದೆ ಎಂಬ ನಂಬಿಕೆ ನಮ್ಮ ಮನೆಗಳಲ್ಲೂ ಇದೆ. ವಿಸ್ಪರ್‌ಗಾಗಿ ಬಿಬಿಡಿಒ ಇಂಡಿಯಾ ಎಂಬ ಜಾಹೀರಾತು ಸಂಸ್ಥೆ ಅದನ್ನೇ ಎತ್ತಿಕೊಂಡು ‘ಟಚ್ ದ ಪಿಕಲ್’ ಮಾಡಿತು. ಹುಡುಗಿಯೊಬ್ಬಳು ಮುಟ್ಟಿನ ದಿನ ಜಾಡಿ ಮುಟ್ಟುತ್ತಾಳೆ, ಸುತ್ತಲಿನವರು ಚಪ್ಪಾಳೆ ತಟ್ಟುತ್ತಾರೆ. ಲಿಂಗಭೇದವನ್ನು ಪ್ರಶ್ನಿಸುವ ಜಾಹೀರಾತುಗಳಿಗೆಂದು ಫ್ರಾನ್ಸಿನ ಕಾನ್ ಜಾಹೀರಾತು ಉತ್ಸವದಲ್ಲಿ 2015ರಲ್ಲಿ ಹೊಸದಾಗಿ ‘ಗ್ಲಾಸ್ ಲಯನ್’ ಎಂಬ ವಿಭಾಗ ಶುರುವಾಯಿತು. ಅದರ ಮೊತ್ತಮೊದಲ ಅಗ್ರ ಪ್ರಶಸ್ತಿ ಇದಕ್ಕೇ ಬಂತು.

ಇಂಗ್ಲಿಷಿಗೂ ಹಿಂದಿಗೂ ಸಿಗದ ಒಂದು ಸೊಗಸು ಕನ್ನಡದಲ್ಲಿ ಬಿಟ್ಟಿಯಾಗಿ ಸಿಗುತ್ತದೆ. ‘ಉಪ್ಪಿನಕಾಯಿ ಮುಟ್ಟು’ ಎಂದರೆ ಸಾಕು, ಒಂದೇ ಪದದಲ್ಲಿ ಕಾರಣವೂ ಇದೆ, ಅಪ್ಪಣೆಯೂ ಇದೆ. ‘ಮುಟ್ಟಾದವಳು ಮುಟ್ಟಬಾರದು’ ಎಂದು ಅದೇ ಪದವನ್ನು ಬೇಲಿ ಮಾಡಿಕೊಂಡವರೂ ನಾವೇ.

ಅಂದ ಹಾಗೆ, ಉಪ್ಪಿನಕಾಯಿ ಕೆಡುವುದು ಒದ್ದೆ ಸೌಟಿನಿಂದ, ಉಪ್ಪು ಕಡಿಮೆಯಾಗುವುದರಿಂದ, ಎಣ್ಣೆ ಮೇಲೆ ನಿಲ್ಲದಿರುವುದರಿಂದ. ಸೌಟು ಯಾರ ಕೈಯಲ್ಲಿದೆ ಎಂದು ಬೂಷ್ಟು ನೋಡುವುದಿಲ್ಲ.

ಪ್ಯಾಡ್ ಜಾಹೀರಾತಿನಲ್ಲಿ ನೀಲಿ ನೀರು ಸುರಿಯುತ್ತಾರಲ್ಲ, ಯಾಕೆ ಮೇಡಂ? *(ಎಂಟನೆಯ ತರಗತಿಯ ಹುಡುಗ)*

ಕೆಂಪು ತೋರಿಸಲು ಹಿಂಜರಿಕೆ, ಅಷ್ಟೇ. 2017ರಲ್ಲಿ ಬ್ರಿಟನ್ನಿನ ಬಾಡಿಫಾರ್ಮ್ ಕೆಂಪು ದ್ರವವನ್ನೇ ಬಳಸಿದಾಗ ಅದು ಸುದ್ದಿಯಾಯಿತು. ರಕ್ತವನ್ನು ಕೆಂಪಾಗಿ ತೋರಿಸಿದ್ದು ಸುದ್ದಿ! ನೀಲಿ ನೀರಿನ ಜೊತೆಗೆ ಇನ್ನೊಂದು ಸುಳ್ಳೂ ಬರುತ್ತದೆ, ಆ ದಿನಗಳಲ್ಲಿ ಬಿಳಿ ಪ್ಯಾಂಟು ತೊಟ್ಟು ನೆಗೆಯುವ ಹುಡುಗಿ. ಹೊಟ್ಟೆನೋವಿದ್ದರೆ ಮಲಗುವುದೂ ತಪ್ಪಲ್ಲ ಎಂದು ಯಾವ ಜಾಹೀರಾತೂ ನನ್ನ ಕೈಯಲ್ಲಿ ಬರೆಸಿಲ್ಲ.

ಪ್ಯಾಡ್ ಕಂಪನಿಗಳು ಹುಡುಗಿಯರ ಶಾಲೆ ಬಿಡಿಸದಿರಿ ಎನ್ನುತ್ತವೆ. ಪ್ಯಾಡ್ ಕೊಟ್ಟರೆ ಸಮಸ್ಯೆ ಮುಗಿಯುತ್ತದೆಯೇ?

ಕೇಳಿದವರು ಒಬ್ಬ ಮುಖ್ಯ ಶಿಕ್ಷಕಿ, ಉತ್ತರವೂ ಅವರಿಗೇ ಗೊತ್ತಿತ್ತು. ಮುಟ್ಟಿನ ಪಾಠವೇ ಪಠ್ಯಪುಸ್ತಕದಲ್ಲಿಲ್ಲ ಎಂದು ತೋರಿಸುವ ವಿಸ್ಪರ್‌ನ ‘ಮಿಸಿಂಗ್ ಚಾಪ್ಟರ್’ ಪ್ರಚಾರಕ್ಕೆ 2022ರಲ್ಲಿ ಕಾನ್‌ನಲ್ಲಿ ಅಗ್ರ ಪ್ರಶಸ್ತಿ ಬಂತು. ಒಳ್ಳೆಯ ಕೆಲಸ. ಕರ್ನಾಟಕ ಸರ್ಕಾರದ ‘ಶುಚಿ’ ಯೋಜನೆಯಲ್ಲಿ ಶಾಲಾ ಹುಡುಗಿಯರಿಗೆ ಪ್ಯಾಡ್ ಉಚಿತ. 2017ರ ಜುಲೈಯಲ್ಲಿ ಪ್ಯಾಡ್ ಮೇಲೆ ಹೇರಿದ ಶೇ 12ರ ಜಿಎಸ್‌ಟಿ, ಹೆಣ್ಣುಮಕ್ಕಳ ಗದ್ದಲದಿಂದಾಗಿ ಮರುವರ್ಷ ಹೋಯಿತು. ಇಷ್ಟೆಲ್ಲ ಆದರೂ ಆ ಶಿಕ್ಷಕಿ ನನ್ನನ್ನು ಹಿತ್ತಲಿಗೆ ಕರೆದೊಯ್ದು ಶೌಚಾಲಯದ ಬಾಗಿಲು ತೋರಿಸಿದರು. ಚಿಲಕ ಇರಬೇಕಾದ ಜಾಗದಲ್ಲಿ ಎರಡು ತೂತು. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲಬೇಕು. ಬಳಸಿದ್ದನ್ನು ಹಾಕಲು ಡಬ್ಬ ಇಲ್ಲ. ಮೂವತ್ತು ಸೆಕೆಂಡಿನಲ್ಲಿ ಚಿಲಕವನ್ನು ಯಾರೂ ತೋರಿಸುವುದಿಲ್ಲ, ಅದನ್ನು ಮಾರುವ ಕಂಪನಿ ಬೇರೆ.

ಬಟ್ಟೆ ಒಗೆಯುವ ಪುಡಿಯವರು ಗಂಡಸರಿಗೆ ಬುದ್ಧಿ ಹೇಳುವುದು ಅತಿಯಾಯಿತಲ್ಲವೇ?

ಏರಿಯಲ್‌ನ ‘ಶೇರ್ ದ ಲೋಡ್’ ಬಗ್ಗೆ ಕೇಳುತ್ತಿದ್ದೀರಿ. 2015ರಲ್ಲಿ ಶುರುವಾದದ್ದು. ಮರುವರ್ಷದ ಚಿತ್ರ ನನಗೆ ಇಂದಿಗೂ ಎಲ್ಲಕ್ಕಿಂತ ಇಷ್ಟ. ಮಗಳ ಮನೆಗೆ ಬಂದ ಅಪ್ಪ ಸುಮ್ಮನೆ ಕೂತು ನೋಡುತ್ತಾನೆ. ಮಗಳು ಆಗತಾನೆ ಕೆಲಸದಿಂದ ಬಂದಿದ್ದಾಳೆ, ಕಿವಿಯಲ್ಲಿ ಕಚೇರಿಯ ಫೋನು, ಕೈಯಲ್ಲಿ ಅಡುಗೆ, ಮಗುವಿನ ಗಲಾಟೆ, ಒಗೆಯುವ ಬಟ್ಟೆ. ಅಳಿಯ ಟಿ.ವಿ. ಮುಂದೆ. ಅಪ್ಪ ಅಳಿಯನಿಗೆ ಒಂದು ಮಾತೂ ಹೇಳುವುದಿಲ್ಲ. ಮಗಳಿಗೆ ಒಂದು ಪತ್ರ ಬರೆದಿಟ್ಟು ಹೋಗುತ್ತಾನೆ: ನಿನ್ನ ಅಮ್ಮನಿಗೆ ನಾನು ಎಂದೂ ಕೈಜೋಡಿಸಲಿಲ್ಲ, ನೀನು ನೋಡಿ ಕಲಿತದ್ದು ಅದನ್ನೇ, ಕ್ಷಮಿಸು. ಊರಿಗೆ ಹೋಗಿ ಪೆಟ್ಟಿಗೆ ತೆರೆದು ತನ್ನ ಬಟ್ಟೆಯನ್ನು ತಾನೇ ಯಂತ್ರಕ್ಕೆ ಹಾಕುತ್ತಾನೆ, ಹೆಂಡತಿ ಬೆರಗಾಗಿ ನೋಡುತ್ತಾಳೆ. ಎದುರಿನವರತ್ತ ಬೆರಳು ತೋರಿಸುವ ಮುನ್ನ ತನ್ನ ಪೆಟ್ಟಿಗೆ ತೆರೆಯುವ ಗಂಡಸನ್ನು ನಮ್ಮ ಜಾಹೀರಾತುಗಳು ತೋರಿಸಿದ್ದು ತೀರ ಕಡಿಮೆ.

ಅತಿಯಾಯಿತೇ ಎನ್ನುವವರಿಗೆ ಸರ್ಕಾರದ ಸಮಯ ಬಳಕೆ ಸಮೀಕ್ಷೆಯ ಲೆಕ್ಕ: ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ವ್ಯಯಿಸುತ್ತಿದ್ದದ್ದು 2019ರಲ್ಲಿ 299 ನಿಮಿಷ, 2024ರಲ್ಲಿ 289 ನಿಮಿಷ. ಗಂಡಸರದು 97 ಇದ್ದದ್ದು 88ಕ್ಕೆ ಇಳಿಯಿತು. ಪುಡಿಯವರು ಇನ್ನೂ ಸ್ವಲ್ಪ ಬುದ್ಧಿ ಹೇಳಲಿ ಬಿಡಿ.

ಕಪ್ಪಗಿದ್ದರೂ ಚೆಂದ ಎನ್ನುವ ಕಂಪನಿಯೇ ಬಿಳುಪಿನ ಕ್ರೀಮ್ ಮಾರುವುದು ಹೇಗೆ?

‘ಕಪ್ಪಗಿದ್ದರೂ’ ಎಂಬಲ್ಲಿರುವ ಆ ‘ರೂ’ ಮೊದಲು ಹೋಗಬೇಕು ಎಂದು ಪತ್ರ ಬರೆದವರಿಗೆ ಪ್ರೀತಿಯಿಂದಲೇ ಹೇಳಿದ್ದೇನೆ.

ಡವ್ ಯೂನಿಲಿವರ್ ಕಂಪನಿಯದು. ಬೀದಿಯ ಜಾಹೀರಾತು ಫಲಕದ ಮೇಲಿನ ಮುಖ ಹೇಗೆ ತಯಾರಾಗುತ್ತದೆ, ಬಣ್ಣ ಬಳಿದ ಮೇಲೂ ಕಂಪ್ಯೂಟರಿನಲ್ಲಿ ಕತ್ತು ಉದ್ದ ಮಾಡಿ ಕಣ್ಣು ಹಿಗ್ಗಿಸುವುದು ಹೇಗೆ ಎಂದು 2006ರಲ್ಲಿ ‘ಎವಲ್ಯೂಷನ್’ ಎಂಬ ಚಿತ್ರದಲ್ಲಿ ತೋರಿಸಿದವರು ಅವರೇ. 1975ರಿಂದ ಫೇರ್ ಅಂಡ್ ಲವ್ಲಿ ಮಾರುತ್ತಾ ಬಂದವರೂ ಅವರೇ. ಬಣ್ಣ ತಿಳಿಯಾದೊಡನೆ ಕೆಲಸ ಸಿಗುವ, ವರ ಒಪ್ಪುವ ಆ ಜಾಹೀರಾತುಗಳ ವಿರುದ್ಧ 2000ದ ಆಸುಪಾಸಿನಲ್ಲಿ ಮಹಿಳಾ ಸಂಘಟನೆಗಳು ಹೋರಾಡಿದವು. 2014ರಲ್ಲಿ ಆಸ್ಕಿ, ಅಂದರೆ ಜಾಹೀರಾತು ಉದ್ಯಮವೇ ಕಟ್ಟಿಕೊಂಡ ಭಾರತೀಯ ಜಾಹೀರಾತು ಮಾನದಂಡ ಮಂಡಳಿ, ಬಣ್ಣದ ಕಾರಣಕ್ಕೆ ಯಾರನ್ನೂ ಸೋತವರಂತೆ ತೋರಿಸಬಾರದೆಂದು ನಿಯಮ ಮಾಡಿತು. 2020ರಲ್ಲಿ ‘ಫೇರ್’ ಹೋಗಿ ‘ಗ್ಲೋ’ ಬಂತು. ಕೊಳವೆಯ ಗುಲಾಬಿ ಬಣ್ಣ ಉಳಿಯಿತು.

ನನ್ನನ್ನು ಹೆಚ್ಚು ಕಾಡುವುದು ಬೇರೆ ಸಂಗತಿ. ಹುಡುಗಿಯರಿಗೆ ‘ಆತ್ಮವಿಶ್ವಾಸ’ ಎಂಬ ಪದವನ್ನು ಮನೆಮನೆಗೆ ತಲುಪಿಸಿದ್ದು ಆ ಕ್ರೀಮ್ ಜಾಹೀರಾತುಗಳೇ. ಕನ್ನಡಿ ನೋಡಿ ಕುಗ್ಗುವುದು, ಆರು ವಾರ ಹಚ್ಚುವುದು, ಎದೆಯೆತ್ತಿ ನಡೆಯುವುದು. ಈಗಿನ ಅನೇಕ ‘ಧೈರ್ಯ’ದ ಜಾಹೀರಾತುಗಳ ನಡಿಗೆಯೂ ಅದೇ, ಕ್ರೀಮ್ ಮಾತ್ರ ಇಲ್ಲ.

ಗಂಡುಮಕ್ಕಳಿಗೆ ಯಾರೂ ಏನೂ ಹೇಳುವುದಿಲ್ಲವೇ?

ಹೇಳುತ್ತಾರೆ, ಕಡಿಮೆ. ‘ಗಂಡುಮಕ್ಕಳು ಅಳಬಾರದು’ ಎಂದು ಹೇಳಿಸಿಕೊಳ್ಳುತ್ತಾ ಬೆಳೆದವನು ಕೊನೆಗೆ ಹೆಂಡತಿಯ ಕೈ ತಿರುಚುವುದನ್ನು ವೋಗ್ ಪತ್ರಿಕೆಯ 2014ರ ಚಿತ್ರ ತೋರಿಸಿತು. ಮಾಧುರಿ ದೀಕ್ಷಿತ್ ಕೊನೆಯಲ್ಲಿ ಬಂದು, ಅಳಿಸಬಾರದು ಎಂದು ಕಲಿಸೋಣ ಎನ್ನುತ್ತಾರೆ. 2019ರಲ್ಲಿ ಜಿಲೆಟ್, ಉತ್ತರ ಪ್ರದೇಶದ ಬನ್ವಾರಿ ಟೋಲಾ ಎಂಬ ಹಳ್ಳಿಯಲ್ಲಿ ಅಪ್ಪನ ಕ್ಷೌರದಂಗಡಿ ನಡೆಸುತ್ತಿದ್ದ ಇಬ್ಬರು ಅಕ್ಕತಂಗಿಯರ ನಿಜಕತೆ ಹೇಳಿತು. ಕತೆ ಹುಡುಗಿಯರದ್ದಾದರೂ ಅದು ನಿಂತಿರುವುದು ಅವರಿಂದ ಕ್ಷೌರ ಮಾಡಿಸಿಕೊಳ್ಳಲು ಬರುವ ಗಂಡಸರನ್ನು ನೋಡುತ್ತಿರುವ ಒಬ್ಬ ಚಿಕ್ಕ ಹುಡುಗನ ಕಣ್ಣಿನಲ್ಲಿ. ಆಮೇಲೆ ಸಚಿನ್ ತೆಂಡೂಲ್ಕರ್ ಆ ಹುಡುಗಿಯರಿಂದ ಕ್ಷೌರ ಮಾಡಿಸಿಕೊಂಡರು.

## ಅನುಮಾನದ ಪ್ರಶ್ನೆಗಳು

ಕೊನೆಗೆ ಮಾರುವುದು ಸೋಪನ್ನೇ ತಾನೇ? ಯಾಕೆ ತಲೆಕೆಡಿಸಿಕೊಳ್ಳಬೇಕು?

ಹೌದು, ಸೋಪನ್ನೇ. ಆಲ್ವೇಸ್, ವಿಸ್ಪರ್, ಏರಿಯಲ್, ಜಿಲೆಟ್ ಎಲ್ಲವೂ ಪ್ರಾಕ್ಟರ್ ಅಂಡ್ ಗ್ಯಾಂಬಲ್‌ನವು. ಡವ್, ಸರ್ಫ್, ಫೇರ್ ಅಂಡ್ ಲವ್ಲಿ, ಹುಡುಗಿಯರು ಬೆನ್ನಟ್ಟಿ ಬರುವ ಆಕ್ಸ್ ಸುಗಂಧ ಯೂನಿಲಿವರ್‌ನವು. ಇಲ್ಲಿ ಹೆಸರಿಸಿದ ಅರ್ಧದಷ್ಟು ಕ್ರಾಂತಿ ಎರಡು ಕಂಪನಿಗಳ ಖಾತೆಪುಸ್ತಕದಲ್ಲಿದೆ. ಅಡುಗೆ ಸಾಮಾನು ಕೊಳ್ಳುವುದು ಹೆಂಗಸರು ಎಂಬುದು ಅವರಿಗೆ ಚೆನ್ನಾಗಿ ಗೊತ್ತು.

ಆದರೂ ತಲೆಕೆಡಿಸಿಕೊಳ್ಳಬೇಕು. ನಮ್ಮ ಮಕ್ಕಳು ದಿನಕ್ಕೆ ಹತ್ತಾರು ಸಲ ನೋಡುವ ಕತೆಗಳಿವು. ಪುಣ್ಯಕತೆಗಳನ್ನು ಅಷ್ಟು ಸಲ ಕೇಳುವುದಿಲ್ಲ.

ಹೇಳುವುದೊಂದು, ಮಾಡುವುದೊಂದು ಎಂದು ಕಂಡುಹಿಡಿಯುವುದು ಹೇಗೆ?

ಜಾಹೀರಾತನ್ನು ಬಿಟ್ಟು ಸಂಬಳದ ಪಟ್ಟಿ ನೋಡಬೇಕು. 2017ರ ಮಹಿಳಾ ದಿನದ ಹಿಂದಿನ ದಿನ ನ್ಯೂಯಾರ್ಕಿನ ಷೇರುಪೇಟೆಯ ಆಸುಪಾಸಿನಲ್ಲಿ, ಮುನ್ನುಗ್ಗುವ ಕಂಚಿನ ಗೂಳಿಯ ಎದುರು ಸೊಂಟಕ್ಕೆ ಕೈಯಿಟ್ಟು ನಿಂತ ಪುಟ್ಟ ಹುಡುಗಿಯ ಪ್ರತಿಮೆ ಬಂತು. ‘ಫಿಯರ್‌ಲೆಸ್ ಗರ್ಲ್’, ಕ್ರಿಸ್ಟನ್ ವಿಸ್ಬಾಲ್ ಮಾಡಿದ ಶಿಲ್ಪ. ಜನ ಮುಗಿಬಿದ್ದು ಚಿತ್ರ ತೆಗೆಸಿಕೊಂಡರು. ಅದನ್ನಿಟ್ಟದ್ದು ಸ್ಟೇಟ್ ಸ್ಟ್ರೀಟ್ ಎಂಬ ಹಣಕಾಸು ಸಂಸ್ಥೆಯ ಹೂಡಿಕೆ ವಿಭಾಗ. ಅದೇ ವರ್ಷ ಅಕ್ಟೋಬರಿನಲ್ಲಿ, ಹೆಂಗಸರಿಗೂ ಕಪ್ಪುಜನರಿಗೂ ಕಡಿಮೆ ಸಂಬಳ ಕೊಟ್ಟ ಆರೋಪದ ಇತ್ಯರ್ಥಕ್ಕೆ ಆ ಸಂಸ್ಥೆ 50 ಲಕ್ಷ ಡಾಲರ್ ಕೊಡಲು ಒಪ್ಪಿತು. ಆರೋಪವನ್ನೇನೂ ಒಪ್ಪಲಿಲ್ಲ.

ನೈಕಿಯದೂ ಅಂಥದ್ದೇ. 2019ರಲ್ಲಿ ಸೆರೆನಾ ವಿಲಿಯಮ್ಸ್ ಧ್ವನಿಯಲ್ಲಿ ‘ಹುಚ್ಚು ಕನಸು ಕಾಣಿರಿ’ ಎಂದಿತು. ಕೆಲವೇ ತಿಂಗಳಲ್ಲಿ ಓಟಗಾರ್ತಿ ಅಲಿಸಿಯಾ ಮೊಂಟಾನೊ, ಬಸುರಿಯಾದ ಕ್ರೀಡಾಪಟುಗಳಿಗೆ ಕಂಪನಿ ಹಣ ನಿಲ್ಲಿಸುತ್ತದೆ ಎಂದು ಪತ್ರಿಕೆಯಲ್ಲಿ ಬಯಲಿಗೆಳೆದರು. ಆಗಸ್ಟ್ ಹೊತ್ತಿಗೆ ಕರಾರು ಬದಲಾಯಿತು. ಜಾಹೀರಾತಿನ ಮಾತನ್ನೇ ಹಿಡಿದು ಕಂಪನಿಯನ್ನು ಎಳೆಯಬಹುದು ಎನ್ನುವುದಕ್ಕೆ ಇದು ಸಾಕ್ಷಿ. ಹಾಗಾಗಿ ಬೂಟಾಟಿಕೆಯಾದರೂ ಇರಲಿ, ಬರೆದುಕೊಟ್ಟ ಮಾತು ಒಂದು ಬಗೆಯ ಸಾಲಪತ್ರ ಎಂದುಕೊಂಡಿದ್ದೇನೆ.

ಇವನ್ನು ನೋಡಿ ಹುಡುಗಿಯರ ಆತ್ಮವಿಶ್ವಾಸ ನಿಜಕ್ಕೂ ಹೆಚ್ಚಿದೆಯೇ?

ಕಂಪನಿಗಳ ಸಮೀಕ್ಷೆಗಳನ್ನು ಕೇಳಿದರೆ ಎಲ್ಲೆಲ್ಲೂ ಹೆಚ್ಚಿದೆ. ತನ್ನ ಮದ್ದಿಗೆ ತಾನೇ ಕೊಟ್ಟ ಪ್ರಮಾಣಪತ್ರ ಅದು. ಕೊಂಚ ಗಟ್ಟಿಯಾಗಿ ಕಾಣುವುದು ಇಂಗ್ಲೆಂಡಿನ ‘ದಿಸ್ ಗರ್ಲ್ ಕ್ಯಾನ್’. 2015ರಲ್ಲಿ ಸ್ಪೋರ್ಟ್ ಇಂಗ್ಲೆಂಡ್ ಎಂಬ ಸಾರ್ವಜನಿಕ ಸಂಸ್ಥೆ ಮಾಡಿದ್ದು, ಮಾರಲು ಏನೂ ಇರಲಿಲ್ಲ. ಬೆವರಿಳಿಯುವ, ಹೊಟ್ಟೆ ಕುಣಿಯುವ ಸಾಮಾನ್ಯ ಹೆಂಗಸರು ಈಜುತ್ತಾ, ಓಡುತ್ತಾ ಇರುವ ಚಿತ್ರ. ನೋಡಿದ ಮೇಲೆ ವ್ಯಾಯಾಮ ಶುರುಮಾಡಿದೆವು ಅಥವಾ ಹೆಚ್ಚಿಸಿದೆವು ಎಂದ ಹೆಂಗಸರ ಸಂಖ್ಯೆಯನ್ನು 28 ಲಕ್ಷ ಎಂದು ಸಂಸ್ಥೆ ಅಂದಾಜಿಸಿತು. ಇದೂ ಹೇಳಿಕೆಯೇ, ಆದರೆ ಮನಸ್ಸಿನ ಬಗ್ಗೆ ಕೇಳದೆ ಕಾಲಿನ ಬಗ್ಗೆ ಕೇಳಿದ್ದಾರೆ.

ಡವ್‌ನ ಶಾಲಾ ಪಾಠಗಳನ್ನು ಬ್ರಿಸ್ಟಲ್ಲಿನ ಸಂಶೋಧಕರು ಪರೀಕ್ಷಿಸಿದ್ದಾರೆ, ಪ್ರಯೋಜನವನ್ನೂ ಕಂಡಿದ್ದಾರೆ. ಗಮನಿಸಿ, ಪರೀಕ್ಷೆಗೆ ಒಳಗಾದದ್ದು ಶಿಕ್ಷಕರು ಮಾಡಿದ ಪಾಠ.

ಕನ್ನಡದಲ್ಲೇ ಹುಟ್ಟಿದ ಇಂಥ ಜಾಹೀರಾತು ಯಾಕೆ ಕಾಣುವುದಿಲ್ಲ?

ಹಣ ಮುಂಬೈಯಲ್ಲಿದೆ, ಕತೆ ಹಿಂದಿಯಲ್ಲಿ ಹುಟ್ಟುತ್ತದೆ, ನಮ್ಮ ಪಾಲಿಗೆ ಬರುವುದು ತುಟಿ. ತುಟಿಗೆ ಹೊಂದುವ ಮಾತು ಹುಡುಕುವುದು ನನ್ನ ಕೆಲಸ. ದಾರಿಯಲ್ಲಿ ಏನು ಕಳೆದುಹೋಗುತ್ತದೆ ಎಂಬುದಕ್ಕೆ ಒಂದು ಮಧ್ಯಾಹ್ನದ ಕತೆ ಹೇಳುತ್ತೇನೆ.

ಸ್ಕೂಟರ್ ಜಾಹೀರಾತಿನ ಧ್ವನಿಮುದ್ರಣ. ಹುಡುಗಿ ಅಣ್ಣನಿಗೆ ಹೇಳುವ ಒಂದೇ ಸಾಲು: ‘ನಾನು ಓಡಿಸುತ್ತೇನೆ, ನೀನು ಹಿಂದೆ ಕೂತುಕೋ.’ ಹಿಂದಿಯಲ್ಲಿ ಅದನ್ನು ಚುಟುಕಾಗಿ, ಬೀಗದ ಕೈ ಕಸಿದುಕೊಂಡೇ ಹೇಳಿದ್ದಳು. ನಮ್ಮ ಧ್ವನಿ ಕಲಾವಿದೆ ಮೈಸೂರಿನ ಹುಡುಗಿ, ಮೊದಲ ಸಲವೇ ಸರಿಯಾಗಿ ಹೇಳಿದಳು. ಗಾಜಿನಾಚೆ ಕೂತಿದ್ದ ಕಂಪನಿಯ ಕಡೆಯವರು, ‘ಕನ್ನಡದಲ್ಲಿ ಒರಟು ಅನ್ನಿಸುತ್ತದೆ, ನಗುತ್ತಾ ಹೇಳಲಿ’ ಎಂದರು. ನಕ್ಕಳು. ‘ಇನ್ನೂ ಸ್ವಲ್ಪ ಮುದ್ದಾಗಿ.’ ‘ಕೊನೆಗೆ ಒಂದು ಅಣ್ಣಾ ಸೇರಿಸೋಣವೇ?’ ಸೇರಿಸಿದೆ, ತುಟಿಗೂ ಹೊಂದಿತು. ಏಳನೆಯ ಸಲಕ್ಕೆ ಆ ಮಾತು ಅಪ್ಪಣೆ ಬೇಡುವಂತಾಗಿತ್ತು. ಅದನ್ನೇ ಆರಿಸಿದರು. ನಾನು ತುಟಿ ಬಿಚ್ಚಲಿಲ್ಲ, ಬಿಲ್ಲು ಮಾತ್ರ ಕಳಿಸಿದೆ.

## ಕೈಹಾಕಬೇಕು ಎನ್ನುವವರಿಗೆ

ಹೆಣ್ಣನ್ನು ಕೀಳಾಗಿ ತೋರಿಸುವ ಜಾಹೀರಾತಿನ ಮೇಲೆ ದೂರು ಕೊಡಬಹುದೇ?

ಕೊಡಬಹುದು. ಮೇಲೆ ಹೇಳಿದ ಆಸ್ಕಿ 1985ರಲ್ಲಿ ಹುಟ್ಟಿದ ಮಂಡಳಿ, ಸಾಮಾನ್ಯರೂ ಅದರ ಜಾಲತಾಣದಲ್ಲಿ ದೂರು ಕೊಡಬಹುದು. 2022ರ ಜೂನ್‌ನಲ್ಲಿ ಲಿಂಗಾಧಾರಿತ ಅಚ್ಚುಗಳ ಬಗ್ಗೆ ಪ್ರತ್ಯೇಕ ಮಾರ್ಗಸೂಚಿ ತಂದಿತು. ಹೆಂಗಸು ಮನೆ ಗುಡಿಸುವುದನ್ನು ತೋರಿಸಬಾರದು ಎಂದು ಅದು ಹೇಳುವುದಿಲ್ಲ, ಗುಡಿಸುವುದು ಅವಳದ್ದೇ ಕೆಲಸ ಎಂದು ಸೂಚಿಸಬಾರದು ಎನ್ನುತ್ತದೆ. ಹೆಣ್ಣಾದ್ದರಿಂದ ಕಾರು ನಿಲ್ಲಿಸಲು ಬರಲಿಲ್ಲ, ಗಂಡಾದ್ದರಿಂದ ಮಗುವಿನ ಬಟ್ಟೆ ಬದಲಿಸಲು ಬರಲಿಲ್ಲ ಎಂಬ ಹಾಸ್ಯಕ್ಕೂ ತಡೆ.

ಬ್ರಿಟನ್ನಿನಲ್ಲಿ ಇಂಥ ನಿಯಮ 2019ರ ಜೂನ್‌ನಲ್ಲಿ ಬಂತು, ಆಗಸ್ಟ್‌ನಲ್ಲೇ ಎರಡು ಜಾಹೀರಾತುಗಳು ನಿಂತವು. ಒಂದರಲ್ಲಿ ಗಂಡಸರು ಬಾಹ್ಯಾಕಾಶದಲ್ಲಿ ತೇಲುತ್ತಿದ್ದರೆ ಹೆಂಗಸು ಮಗುವಿನ ಗಾಡಿಯ ಪಕ್ಕ ಬೆಂಚಿನ ಮೇಲೆ ಕೂತಿದ್ದಳು. ಇನ್ನೊಂದರಲ್ಲಿ ಅಪ್ಪಂದಿರು ಚೀಸ್ ತಿನ್ನುವುದರಲ್ಲಿ ಮೈಮರೆತು ಮಕ್ಕಳನ್ನು ಸಾಮಾನು ಸಾಗಿಸುವ ಪಟ್ಟಿಯ ಮೇಲೆ ಬಿಟ್ಟಿದ್ದರು. ಅಪ್ಪಂದಿರ ಮಾನಕ್ಕೂ ಅದೇ ನಿಯಮ.

ನಮ್ಮದು ಸಣ್ಣ ಕೋಚಿಂಗ್ ಸಂಸ್ಥೆ. ಹುಡುಗಿಯರಿಗಾಗಿ ಜಾಹೀರಾತು ಮಾಡಬೇಕು. ಯಾವುದರಿಂದ ದೂರ ಇರಬೇಕು?

ಗುಲಾಬಿ ಬಣ್ಣದಿಂದ, ‘ನಾರಿಶಕ್ತಿ’ಯಿಂದ, ದುರ್ಗೆಯ ಹತ್ತು ಕೈಗಳಿಂದ. ಹತ್ತು ಕೈ ಬರೆದೊಡನೆ ಒಂದರಲ್ಲಿ ಸೌಟು ಬಂದೇ ಬರುತ್ತದೆ. ‘ನೀನು ಮನಸ್ಸು ಮಾಡಿದರೆ ಏನನ್ನಾದರೂ ಸಾಧಿಸಬಲ್ಲೆ’ ಎಂಬ ಸಾಲೂ ಬೇಡ. ಸಂಜೆ ಏಳಕ್ಕೆ ಬಸ್ ಇಲ್ಲದ ಊರಿನ ಹುಡುಗಿ ಎಷ್ಟು ಮನಸ್ಸು ಮಾಡಬೇಕು? ಅದರ ಬದಲು ಕೊನೆಯ ತರಗತಿ ಐದಕ್ಕೆ ಮುಗಿಯುತ್ತದೆ, ಬಸ್ ನಿಲ್ದಾಣದವರೆಗೆ ಸಿಬ್ಬಂದಿ ಜೊತೆಗೆ ಬರುತ್ತಾರೆ ಎಂದು ಬರೆಯಿರಿ, ಆಮೇಲೆ ಹಾಗೇ ನಡೆದುಕೊಳ್ಳಿ. ಅಪ್ಪಂದಿರು ಓದುವುದು ಆ ಸಾಲನ್ನೇ.

ಆತ್ಮವಿಶ್ವಾಸ ಎಂಬ ಪದ ಕಂಡರೆ ನಿಮಗೆ ಸಿಟ್ಟು ಬರುತ್ತದಲ್ಲ, ಯಾಕೆ?

ಹೊರೆ ಯಾರ ತಲೆಯ ಮೇಲೆ ಎಂಬುದಕ್ಕೆ. 2013ರ ಡವ್ ಚಿತ್ರವೊಂದರಲ್ಲಿ ಪೊಲೀಸ್ ಚಿತ್ರಕಾರನೊಬ್ಬ ಪರದೆಯ ಹಿಂದೆ ಕೂತು, ಹೆಂಗಸರು ತಮ್ಮ ಮುಖವನ್ನು ಬಣ್ಣಿಸಿದಂತೆ ಬರೆಯುತ್ತಾನೆ. ಅದೇ ಮುಖವನ್ನು ಅಪರಿಚಿತರು ಬಣ್ಣಿಸಿದಂತೆ ಇನ್ನೊಂದು ಬರೆಯುತ್ತಾನೆ. ಎರಡನೆಯದೇ ಚೆಂದ. ನೀವು ಅಂದುಕೊಂಡದ್ದಕ್ಕಿಂತ ಚೆಲುವೆಯರು ಎಂದು ಮುಗಿಯುತ್ತದೆ. ನೋಡಿದಾಗ ಕಣ್ಣು ಒದ್ದೆಯಾಗುತ್ತದೆ. ಆಮೇಲೆ ಯೋಚಿಸಿ: ತಪ್ಪು ಯಾರದ್ದು ಎಂದಾಯಿತು? ತನ್ನನ್ನು ತಾನು ಸರಿಯಾಗಿ ನೋಡಿಕೊಳ್ಳದ ಹೆಂಗಸಿನದು. ಆ ಮುಖಕ್ಕೆ ಇಪ್ಪತ್ತು ವರ್ಷ ಹೆಸರಿಟ್ಟವರು ಚಿತ್ರದಲ್ಲೇ ಇಲ್ಲ. ‘ಲೈಕ್ ಎ ಗರ್ಲ್’ ಅವರನ್ನು ಕರೆದು ವೇದಿಕೆಯ ಮೇಲೆ ನಿಲ್ಲಿಸಿತ್ತು, ಏರಿಯಲ್‌ನ ಅಪ್ಪ ತಾನಾಗಿಯೇ ಬಂದು ನಿಂತ.

ತರಗತಿಯಲ್ಲಿ ಮಕ್ಕಳಿಂದ ಮಾಡಿಸಲು ಏನಾದರೂ ಸುಲಭದ್ದು ಹೇಳಿ.

ಯಾವುದಾದರೂ ಮನೆಯೊಳಗಿನ ಜಾಹೀರಾತನ್ನು ಶಬ್ದ ತೆಗೆದು ಎರಡು ಸಲ ತೋರಿಸಿ. ಸಂಗೀತ ಹೋದರೆ ಅರ್ಧ ಮೋಡಿ ಹೋಗುತ್ತದೆ. ಕೇಳಬೇಕಾದದ್ದು ಒಂದೇ ಪ್ರಶ್ನೆ: ಯಾರು ಕೂತಿದ್ದಾರೆ, ಯಾರು ನಿಂತಿದ್ದಾರೆ? ಗಂಡು ಹೆಣ್ಣು ಎಂದು ನೀವು ಬಾಯಿ ಬಿಡಬೇಡಿ, ಅವರೇ ಕಂಡುಕೊಳ್ಳುತ್ತಾರೆ. ಮನೆಗೆ ಹೋಗಿ ಒಂದು ದಿನ ಅದನ್ನೇ ಬರೆದು ತರಲು ಹೇಳಿ.

ತುಮಕೂರಿನ ಕಡೆಯ ಒಂದು ಶಾಲೆಯಲ್ಲಿ ಹೀಗೆ ಮಾಡಿಸಿದ್ದೆ. ಒಂಬತ್ತನೆಯ ತರಗತಿಯ ಹುಡುಗನ ಹಾಳೆ ನನ್ನ ಹತ್ತಿರ ಇನ್ನೂ ಇದೆ. ಭಾನುವಾರದ ಲೆಕ್ಕ. ಅಪ್ಪ ಕೂತ ಹೊತ್ತುಗಳಿಗೆ ಎಂಟು ಸಾಲು. ಅಮ್ಮನದು ಎರಡೇ: ‘2.40, ಅಕ್ಕಿ ಆರಿಸಲು. 9.15, ಊಟಕ್ಕೆ.’ ಎರಡನೆಯ ಸಾಲಿಗೆ ಅಡ್ಡಗೆರೆ ಎಳೆದು ಪಕ್ಕದಲ್ಲಿ ಪೆನ್ಸಿಲಿನಿಂದ ಬರೆದಿದ್ದಾನೆ: ‘ನಡುವೆ ಎರಡು ಸಲ ಎದ್ದರು. ಒಂದು ಸಲ ನನಗೆ ನೀರು ಕೊಡಲು.’